ಮನೆಯವರೆಲ್ಲರ ಪಾಲಿನ ಔಷಧಿ

ನಮ್ಮ ಮನೆಯಲ್ಲಿ ದಿನಾ ಬಾಳೆ ಎಲೆಯಲ್ಲಿ ಉಂಡವಳು ನಾನೊಬ್ಬಳೇ. ಉಳಿದವರಿಗೆ ಹಬ್ಬಕ್ಕೋ ತಿಥಿಗೋ ಎಲೆ ಸಿಕ್ಕರೆ ನನಗೆ ಬೆಳಗಿನ ರೊಟ್ಟಿಗೂ ಎಲೆ, ಸಂಜೆಯ ಮುದ್ದೆಗೂ ಎಲೆ. ದೊಡ್ಡಪ್ಪನ ಮಕ್ಕಳು ಮೊದಮೊದಲು ಹೊಟ್ಟೆ ಉರಿದುಕೊಂಡರು. "ಗಿರಿಜಂಗೆ ದಿನಾ ಹಬ್ಬ ಕಣೋ" ಎಂದು ಅವರಲ್ಲಿ ಸಣ್ಣವನು ರಾಗ ತೆಗೆದ. ಆದರೆ ಉಂಡಾದ ಮೇಲೆ ಆ ಎಲೆಯನ್ನು ನಾನೇ ಎತ್ತಿ ಹಿತ್ತಲ ಗುಂಡಿಗೆ ಹಾಕಬೇಕು, ಕೂತೆದ್ದ ಜಾಗಕ್ಕೆ ನಾನೇ ಸಗಣಿ ನೀರು ಚಿಮುಕಿಸಬೇಕು, ಆಮೇಲೆ ಯಾರ ಮೈಗೂ ತಾಗದ ಹಾಗೆ ಗೋಡೆ ಪಕ್ಕದಲ್ಲೇ ನಡೆದು ನನ್ನ ಜಾಗಕ್ಕೆ ಹೋಗಬೇಕು ಎಂದು ತಿಳಿದಾಗ ಅವರ ಹೊಟ್ಟೆಯುರಿ ತಾನಾಗಿ ತಣ್ಣಗಾಯಿತು. ನನಗೆ ಕಜ್ಜಿ ಆಗಿತ್ತು.

ಆಲೂರಿನಿಂದ ಸಕಲೇಶಪುರದ ಕಡೆ ಹೋಗುತ್ತ ಒಳಕ್ಕೆ ತಿರುಗಿದರೆ ನಮ್ಮ ಊರು. ಅದು ಪೂರಾ ಕಾಫಿ ಸೀಮೆಯೂ ಅಲ್ಲ, ಪೂರಾ ಬಯಲೂ ಅಲ್ಲ. ನಮಗೆ ಒಂದಿಷ್ಟು ಗದ್ದೆ, ಒಂದಿಷ್ಟು ಕಾಫಿ. ದೊಡ್ಡ ಎಸ್ಟೇಟಿನವರ ಕಣ್ಣಿಗೆ ನಾವು ಲೆಕ್ಕಕ್ಕೇ ಇಲ್ಲದವರು, ಆದರೆ ಊರೊಳಗೆ ಗೌಡ್ರ ಮನೆ ಅನ್ನಿಸಿಕೊಂಡಿದ್ದೆವು. ಆ ಹೆಸರನ್ನು ಸಾಕುವುದು ದನ ಸಾಕುವುದಕ್ಕಿಂತ ಹೆಚ್ಚಿನ ಕೆಲಸವಾಗಿತ್ತು. ಮನೆಯೊಳಗಿನ ದರ್ಬಾರು ಮಾತ್ರ ನನ್ನ ಅಜ್ಜಿಯದು, ಅಂದರೆ ಅಪ್ಪನ ತಾಯಿಯದು. ಅಜ್ಜ ಹೋದ ಮೇಲೆ ಕೈಯ ಬಳೆ ತೆಗೆದಳೇ ಹೊರತು ಸೌಟು ಬಿಡಲಿಲ್ಲ. ಸಾರು ಯಾರು ಬೇಕಾದರೂ ಕುದಿಸಲಿ, ಬಡಿಸುವವಳು ಅವಳೇ. ಯಾರ ತಟ್ಟೆಗೆ ಎಷ್ಟು ಸಾರು, ಯಾರಿಗೆ ಬೆಣ್ಣೆ, ಯಾರಿಗೆ ಬರೀ ಮಜ್ಜಿಗೆ ಎಂಬುದು ಅವಳ ಕೈಯಲ್ಲಿ ತೀರ್ಮಾನವಾಗುತ್ತಿತ್ತು. ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಕೂತ ಆಳುಗಳಿಗೂ ಮಧ್ಯಾಹ್ನದ ಮುದ್ದೆಯನ್ನು ಅವಳೇ ಕೊಡುವಳು. ಹಿರಿಸೊಸೆಯಾದ ನಮ್ಮ ದೊಡ್ಡವ್ವನಿಗೆ ಕೂದಲು ನರೆಯುತ್ತ ಬಂದಿದ್ದರೂ ಸೌಟು ಸಿಕ್ಕಿರಲಿಲ್ಲ. ಅವಳು ಬಾಯಿಬಿಟ್ಟು ಕೇಳಿದ್ದನ್ನು ನಾನು ಕಂಡಿಲ್ಲ, ಆದರೆ ಅಜ್ಜಿಗೆ ಒಂದು ಸಣ್ಣ ಕೆಮ್ಮು ಬಂದರೂ ದೊಡ್ಡವ್ವ ಒಲೆಯ ಹತ್ತಿರಕ್ಕೆ ಒಂದು ಹೆಜ್ಜೆ ಸರಿಯುತ್ತಿದ್ದಳು.

ನಾನು ಅಜ್ಜಿಯ ಪಕ್ಕದಲ್ಲಿ ಮಲಗತೊಡಗಿದ್ದು ನನ್ನ ತಮ್ಮ ಹುಟ್ಟಿದ ಮೇಲೆ. ಅಲ್ಲಿಯವರೆಗೂ ಅವ್ವನ ಸೆರಗು ಹಿಡಿದು ಮಲಗಿದವಳನ್ನು ಎಬ್ಬಿಸಿ, ನೀನೀಗ ಅಕ್ಕ ಆದೆ ಎಂದು ಹೊಗಳಿ, ಅಡುಗೆಮನೆಗೆ ಅಂಟಿದ ಸಣ್ಣ ಕೋಣೆಗೆ ದಾಟಿಸಿದರು. ಅಕ್ಕನಾಗುವುದರಲ್ಲಿ ಏನು ಸುಖವಿದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಅಜ್ಜಿಯ ಹಾಸಿಗೆ ಅಂದರೆ ಒಂದು ಈಚಲು ಚಾಪೆ, ಅದರ ಮೇಲೆ ಕರಿ ಕಂಬಳಿ. ಅವಳಿಗೆ ಕತೆಗಿತೆ ಬರುತ್ತಿರಲಿಲ್ಲ. ಅವತ್ತು ಯಾರು ಎಷ್ಟು ಉಂಡರು, ಯಾರು ಅರ್ಧಕ್ಕೆ ಕೈ ತೊಳೆದರು, ಯಾರ ಮುಖ ಯಾಕೆ ಗಂಟಿಕ್ಕಿತ್ತು ಎಂದು ವರದಿ ಒಪ್ಪಿಸುತ್ತ, ನನ್ನ ಬೆನ್ನು ತಟ್ಟುತ್ತ ತಾನೇ ಮೊದಲು ನಿದ್ದೆ ಹೋಗುವಳು. ನನಗೆ ಅಷ್ಟು ಸಾಕಾಗಿತ್ತು. ಆ ವರ್ಷ ಅವಳು ತನ್ನ ಮಗಳ, ಅಂದರೆ ನನ್ನ ಅತ್ತೆಯ, ಬಾಣಂತನ ಮಾಡಲು ಆನೇಮಹಲಿನಲ್ಲಿ ಕೆಲವು ವಾರ ಇದ್ದು ಬಂದಳು. ಬಂದವಳನ್ನು ನಾನು ತಬ್ಬಿಕೊಂಡೇ ಮಲಗಿದೆ. ಗದ್ದೆಯ ಸುಗ್ಗಿ ಮುಗಿಯುವಷ್ಟರಲ್ಲಿ ನನ್ನ ಬೆರಳ ಸಂದಿ, ಮಣಿಕಟ್ಟು, ಸೊಂಟ ಎಲ್ಲ ಕಡೆ ಸಣ್ಣ ಗುಳ್ಳೆಗಳು ಎದ್ದವು. ಹಗಲು ಹೇಗೋ ತಡೆಯಬಹುದು, ಮಲಗಿದರೆ ಸಾಕು, ಮೈಯೆಲ್ಲ ಕಿತ್ತು ಹಾಕಬೇಕು ಅನ್ನಿಸುವಷ್ಟು ಕಡಿತ.

ಕಂಡುಹಿಡಿದವಳು ದೊಡ್ಡವ್ವ. ಜಗುಲಿಯ ಮೇಲೆ ಕೂರಿಸಿ ತಲೆ ಬಾಚುತ್ತಿದ್ದವಳು ನನ್ನ ಕೈಯನ್ನು ಬಿಸಿಲಿಗೆ ತಿರುಗಿಸಿ ನೋಡಿ, ಬಾಚಣಿಗೆಯನ್ನು ಅಲ್ಲೇ ಬಿಟ್ಟು ಎದ್ದಳು.

"ಬಡ್ಕಂಡೆ, ಲೈನಿನ ಹುಡುಗ್ರ ಜೊತೆ ಆಡ್ಬ್ಯಾಡ ಅಂತ. ಈಗ ನೋಡು, ತಂದ್ಲು ಮನೆಗೆ. ಎಳೆ ಕೂಸು ಐತೆ ಒಳಗೆ."

"ಅವ್ರಿಗೆ ಯಾರಿಗೂ ಇಲ್ವಲ್ಲ ದೊಡ್ಡವ್ವ" ಎಂದೆ. ಅದು ನಿಜವೂ ಆಗಿತ್ತು. ಲೈನಿನಲ್ಲಿ, ಅಂದರೆ ತೋಟದ ಆಳುಗಳ ಮನೆಸಾಲಿನಲ್ಲಿ, ನನ್ನ ಜೊತೆ ಕುಂಟೆಬಿಲ್ಲೆ ಆಡುವ ಹುಡುಗಿಯರ ಕೈ ನನ್ನ ಕೈಗಿಂತ ನುಣ್ಣಗಿತ್ತು.

"ಎದುರು ಮಾತಾಡ್ತೀಯಾ" ಎಂದಳು ದೊಡ್ಡವ್ವ. ನನ್ನ ಅವ್ವ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕಿರಿಸೊಸೆ, ಮಾತಾಡುವ ಹಕ್ಕು ಇಲ್ಲ. ಅವಳು ನನ್ನನ್ನೊಮ್ಮೆ ನೋಡಿ ಕೂಸನ್ನು ಇನ್ನೂ ಎತ್ತರಕ್ಕೆ ಎತ್ತಿ ಹೆಗಲಿಗೆ ಹಾಕಿಕೊಂಡಳು. ಆ ಎತ್ತುವಿಕೆ ನನಗೆ ದೊಡ್ಡವ್ವನ ಬೈಗುಳಕ್ಕಿಂತ ಹೆಚ್ಚು ನೋವು ಕೊಟ್ಟಿತು.

ನನ್ನ ಹಾಸಿಗೆ ಕಾಫಿ ಸ್ಟೋರಿಗೆ ಹೋಯಿತು. ಸ್ಟೋರ್ ಎಂದರೆ ಮನೆಯ ಪಕ್ಕಕ್ಕೆ ಕಣದ ಅಂಚಿನಲ್ಲಿದ್ದ ಒಂದು ಉದ್ದನೆಯ ಕೋಣೆ. ಸಿಪ್ಪೆ ಸಮೇತ ಒಣಗಿಸಿದ ಚೆರ್ರಿ ಕಾಫಿಯ ಗೋಣಿಚೀಲಗಳನ್ನು ಸೂರಿನ ತನಕ ಪೇರಿಸಿದ್ದರು. ಹುಳಿಹುಳಿಯಾದ, ಹಳೆಯ ಬೆಲ್ಲದಂಥ ವಾಸನೆ. ಚೀಲಗಳ ನಡುವೆ ನನ್ನ ಚಾಪೆ. ಗೋಡೆಯ ಆಚೆಗೇ ಊಟದ ಮನೆ, ಹಾಗಾಗಿ ತಟ್ಟೆಗಳ ಸದ್ದು, ನಗು, ದೊಡ್ಡಪ್ಪನ ತೇಗು ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿತ್ತು. ದೂರ ಇದ್ದಿದ್ದರೆ ಒಳ್ಳೆಯದಿತ್ತು. ಶಾಲೆಯ ಮೇಷ್ಟ್ರು ವಾಸಿಯಾಗುವ ತನಕ ಬರಬೇಡ ಎಂದರು. ಊಟದಲ್ಲೂ ಪಥ್ಯ. ಬದನೆಕಾಯಿ ನಂಜು, ಒಣಮೀನು ನಂಜು, ಕೋಳಿ ನಂಜು, ಬೆಣ್ಣೆ ಕೂಡ ನಂಜು. ಹುರುಳಿಕಟ್ಟಿನ ಸಾರು ಗೋಡೆಯಾಚೆ ಘಮಗುಟ್ಟುವಾಗ ನನ್ನ ಎಲೆಗೆ ಮುದ್ದೆ ಮತ್ತು ಉಪ್ಪು ಕಾಣದ ತಿಳಿ. ಹೊಂಗೆಣ್ಣೆ ಬಳಿದರು, ಬೇವಿನ ಸೊಪ್ಪು ಅರೆದು ಮೆತ್ತಿದರು, ಆಲೂರಿನಲ್ಲಿ ಯಾರೋ ರಕ್ತ ಕೆಟ್ಟಿದೆ ಎಂದು ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಒಣಗಿತು ಅನ್ನಿಸಿದ ಕೂಡಲೇ ನಾನು ಅತ್ತು ಕರೆದು ಅಜ್ಜಿಯ ಚಾಪೆಗೆ ವಾಪಸಾದೆ. ವಾರ ಕಳೆಯುವುದರಲ್ಲಿ ಮತ್ತೆ ಗುಳ್ಳೆ, ಮತ್ತೆ ಸ್ಟೋರ್. ಈ ಸಲ ಊರಿನವರಿಗೂ ಗೊತ್ತಾಗಿ, ಕಜ್ಜಿ ಗಿರಿಜ ಎಂಬ ಹೆಸರೂ ಬಂತು.

ಕೊನೆಗೆ ಅಪ್ಪ ನನ್ನನ್ನು ಬಸ್ಸಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದ. ಅಲ್ಲಿ ಒಬ್ಬ ಡಾಕ್ಟರಮ್ಮ. ಅಷ್ಟು ದಿನಗಳಲ್ಲಿ ನನ್ನ ಕೈಯನ್ನು ಬರಿಗೈಯಲ್ಲಿ ಹಿಡಿದವರು ಅವರೇ ಮೊದಲು. ಅವರು ಒಂದು ಭೂತಗನ್ನಡಿ ತಂದು ಬೆರಳ ಸಂದಿಗೆ ಹಿಡಿದು, ನೀನೇ ನೋಡು ಎಂದರು.

"ಸೂಜಿಯಲ್ಲಿ ಗೀರಿದ ಹಾಗೆ ಸಣ್ಣ ಗೆರೆ ಕಾಣ್ತಿದೆಯಾ? ಅದು ಹುಳ ಕೊರೆದ ದಾರಿ. ಒಳಗೆ ಹೋಗಿ ಮೊಟ್ಟೆ ಇಡುತ್ತೆ."

"ಹುಳ ಎಲ್ಲೈತೆ?"

"ಹುಳ ಕಣ್ಣಿಗೆ ಕಾಣಲ್ಲ. ದಾರಿ ಕಾಣುತ್ತಲ್ಲ, ಅಷ್ಟು ಸಾಕು." ಆಮೇಲೆ ಅಪ್ಪನ ಕಡೆ ತಿರುಗಿದರು. "ಇವಳ ಜೊತೆ ಮಲಗೋರು ಯಾರು?"

"ಈಗ ಒಬ್ಳೇ ಡಾಕ್ಟ್ರೆ."

"ಮೊದಲು?"

"ನಮ್ಮವ್ವ. ಅವ್ರಿಗೇನೂ ಇಲ್ಲ."

"ನೀವು ನೋಡಿದೀರಾ?"

ಅಪ್ಪ ಟೋಪಿಯನ್ನು ತೊಡೆಯ ಮೇಲೆ ತಿರುಗಿಸುತ್ತ ಕೂತ. ಹೆತ್ತ ತಾಯಿಯ ಮೈಯನ್ನು ಯಾವ ಮಗ ನೋಡುತ್ತಾನೆ? ಡಾಕ್ಟರಮ್ಮ ದೊಡ್ಡ ಬಾಟಲಿಯ ತುಂಬ ಬಿಳೀ ಔಷಧಿ ಕೊಟ್ಟು, ಬಿಡಿಸಿ ಬಿಡಿಸಿ ಹೇಳಿದರು. ಮನೆಯವರೆಲ್ಲ ಒಂದೇ ದಿನ ಹಚ್ಚಬೇಕು. ಕೆರೆಯುವವರು, ಕೆರೆಯದವರು ಎಲ್ಲರೂ. ಕತ್ತಿನಿಂದ ಪಾದದವರೆಗೆ, ಒಂದು ಚೂರೂ ಬಿಡದೆ. ಕೂಸಿಗೆ ನೀರು ಬೆರೆಸಿ. ಉಟ್ಟಿದ್ದು, ಹೊದ್ದದ್ದು ಕುದಿಸಿ ಬಿಸಿಲಿಗೆ ಹಾಕಬೇಕು. ಒಬ್ಬರು ತಪ್ಪಿಸಿಕೊಂಡರೂ ಮತ್ತೆ ಬರುತ್ತದೆ. ತಟ್ಟೆ ಲೋಟದಿಂದ ಇದು ಅಂಟುವುದಿಲ್ಲ, ಜೊತೆಯಲ್ಲಿ ಮಲಗುವುದರಿಂದ ಅಂಟುತ್ತದೆ. ಅಪ್ಪ ಎಲ್ಲದಕ್ಕೂ ತಲೆಯಾಡಿಸಿದ.

ಅವತ್ತು ಸಂಜೆ ಊಟದ ಮನೆಯಲ್ಲಿ ನಡೆದ ಜಗಳವನ್ನು ನಾನು ಸ್ಟೋರಿನಲ್ಲಿ ಕೂತು ಕೇಳಿದೆ. ಬಾಟಲಿ ಮಧ್ಯದಲ್ಲಿ ಇಟ್ಟಿದ್ದರು ಅನ್ನಿಸುತ್ತದೆ. ಮೊದಲು ದೊಡ್ಡವ್ವನ ದನಿ.

"ಹಚ್ಕಂಡ್ರೆ ಒಪ್ಕಂಡಂಗೇಯ. ನಾಳೆ ಕಾಫಿ ಕೊಯ್ಲಿಗೆ ಬಂದೋರು ವಾಸ್ನೆ ಹಿಡ್ದು, ಗೌಡ್ರ ಮನೆ ಪೂರಾ ಕಜ್ಜಿ ಅಂತಾರೆ. ನಾನಂತೂ ಮುಟ್ಟಲ್ಲ."

"ಡಾಕ್ಟ್ರು ಹೇಳವ್ರೆ ಅತ್ತಿಗೆ" ಎಂದ ಅಪ್ಪ, ಸೋತ ದನಿಯಲ್ಲಿ.

ದೊಡ್ಡಪ್ಪ ಒಳ್ಳೆಯ ಮನುಷ್ಯ, ಯಾವ ಜಗಳವನ್ನಾದರೂ ಬೇಗ ಮುಗಿಸಿ ಮಲಗಬೇಕು ಅವನಿಗೆ. "ಮಾರಾಯ, ಬ್ಯಾನೆ ಇರೋದು ಒಬ್ಳಿಗೆ. ಎಲ್ರ ಪಾಲಿಂದೂ ಅವಳಿಗೇ ಹಚ್ಬುಡಿ. ಬುಡ ಸಮೇತ ಹೋಗ್ಲಿ" ಎಂದ. ಆಮೇಲೆ ಅಜ್ಜಿಯ ದನಿ ಕೇಳಿತು.

"ಹಂಗೇ ಮಾಡಿ."

ಅಜ್ಜಿ ಅಂದಮೇಲೆ ಮುಗಿಯಿತು. ಅವರಿಗೆ ಅದು ಔದಾರ್ಯ ಅನ್ನಿಸಿರಬೇಕು, ತಮ್ಮ ಪಾಲನ್ನೆಲ್ಲ ಒಂದು ಮಗುವಿಗೆ ಧಾರೆ ಎರೆದಂತೆ. ನಾನೀಗ ಹಾಸನದಲ್ಲಿ ಚರ್ಮದ ಡಾಕ್ಟರು, ನಿವೃತ್ತಿಯ ವಯಸ್ಸು ದಾಟಿದ ಮೇಲೂ ಕೂರುತ್ತೇನೆ. ಮೆಡಿಕಲ್ ಶಾಪಿನವನು ಕೊಟ್ಟ ಟ್ಯೂಬನ್ನು ಹುಳುಕಡ್ಡಿಗೆ ಹಚ್ಚಿ ಹಚ್ಚಿ ಮೈತುಂಬ ಹಬ್ಬಿಸಿಕೊಂಡು ಬರುವವರು, ಮಗುವಿನ ಕೆನ್ನೆಯ ಒಣ ಕಲೆಯನ್ನು ತೊನ್ನು ಎಂದು ಹೆದರಿ ಬರುವವರು, ಬೆವರುಸಾಲೆಗೆ ಮಂತ್ರ ಹಾಕಿಸಿ ಬರುವವರು, ಎಲ್ಲರನ್ನೂ ಕಂಡಿದ್ದೇನೆ, ಬೈದೂ ಇದ್ದೇನೆ. ಆದರೆ ಇಡೀ ಮನೆಯ ಔಷಧಿಯನ್ನು ಒಂದೇ ಮಗುವಿನ ಮೇಲೆ ಸುರಿದವರನ್ನು ನಮ್ಮ ಮನೆಯಲ್ಲಿ ಬಿಟ್ಟರೆ ಇನ್ನೆಲ್ಲೂ ಕಂಡಿಲ್ಲ.

ಹಚ್ಚುವ ಕೆಲಸ ಅವ್ವನಿಗೆ ಬಂತು. ಕೂಸಿಗೆ ಅಂಟಬಾರದಲ್ಲ, ಅದಕ್ಕೆ ಕಾಫಿ ಗಿಡದ ಒಂದು ಕೋಲಿಗೆ ಹಳೆಯ ಪಂಚೆಯ ಚೂರು ಸುತ್ತಿ, ಅದನ್ನು ಔಷಧಿಯಲ್ಲಿ ಅದ್ದಿ, ದೂರದಿಂದ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯುತ್ತಿದ್ದಳು. ತಿರುಗು ಅಂದಾಗ ನಾನು ತಿರುಗುವುದು. ಕೈ ಎತ್ತು ಅಂದಾಗ ಎತ್ತುವುದು. ಅವಳ ಕಣ್ಣಲ್ಲಿ ನೀರಿರುತ್ತಿತ್ತು, ನನಗದು ಗೊತ್ತಿತ್ತು, ಆದರೆ ಆ ಕೋಲನ್ನು ಅವಳು ಒಂದು ದಿನವೂ ಬಿಸಾಡಲಿಲ್ಲ. ಔಷಧಿ ಬೆಂಕಿಯ ಹಾಗೆ ಉರಿಯುತ್ತಿತ್ತು. ಒಮ್ಮೆ ಹಚ್ಚಿ ಸುಮ್ಮನಾಗಬೇಕಾದ್ದನ್ನು ದಿನಬಿಟ್ಟು ದಿನ ಹಚ್ಚಿದರೆ ಇನ್ನೇನಾಗುತ್ತದೆ? ಮೈ ಕೆಂಪಾಯಿತು, ಸಿಪ್ಪೆ ಎದ್ದಿತು, ಬಿರುಕು ಬಿಟ್ಟಿತು. ಕಜ್ಜಿಯ ಮೇಲೆ ಔಷಧಿಯ ಗಾಯ. ಅದನ್ನು ನೋಡಿ ದೊಡ್ಡವ್ವ ಬ್ಯಾನೆ ಜಾಸ್ತಿಯಾಯಿತು ಎಂದಳು, ಅವ್ವ ಇನ್ನಷ್ಟು ಹಚ್ಚಿದಳು.

ಆ ದಿನಗಳಲ್ಲಿ ನಾನು ಅತ್ತಿದ್ದು ಕಡಿಮೆ. ಅಳುವುದಕ್ಕೂ ಯಾರಾದರೂ ಕೇಳಿಸಿಕೊಳ್ಳುವವರು ಬೇಕು. ಮಧ್ಯಾಹ್ನ ಕಣದಲ್ಲಿ ಕಾಫಿ ಹರಡಿ ಕಾಲಲ್ಲಿ ತಿರುವುವ ಸದ್ದು ಸರಸರ ಬರುತ್ತಿತ್ತು. ದೊಡ್ಡಪ್ಪನ ಮಕ್ಕಳು ಶಾಲೆಯಿಂದ ಬಂದು ಬಾಗಿಲ ಸಂದಿಯಲ್ಲಿ ಇಣುಕಿ ಓಡಿಹೋಗುವರು. ನಾನು ಚೀಲಗಳಿಗೆ ಮನೆಯವರ ಹೆಸರಿಟ್ಟು, ಅಜ್ಜಿ ಮಾಡುತ್ತಿದ್ದ ಹಾಗೆ ಯಾರು ಎಷ್ಟು ಉಂಡರು ಎಂದು ಅವುಗಳಿಗೆ ಹೇಳುತ್ತಿದ್ದೆ. ಮನುಷ್ಯರ ಚರ್ಮವನ್ನು ಮುಟ್ಟದೆ ಎಷ್ಟು ದಿನ ಇರಬಹುದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ವಾಸಿಯಾಗುವುದು ಕೂಡ ಅಲ್ಲ, ಅಜ್ಜಿಯ ಪಕ್ಕ ಮತ್ತೆ ಮಲಗುವುದು.

ಹೀಗಿರುವಾಗ ಒಂದು ಮಧ್ಯಾಹ್ನ ಅಜ್ಜಿ ಎಲೆ ಹಾಕಲು ಬಂದಳು. ಎಂದಿನಂತೆ ಮುದ್ದೆಯನ್ನು ಮೇಲಿನಿಂದಲೇ ಬೀಳಿಸಿದಳು. ಆಮೇಲೆ ಹಿಂದೆ ಮುಂದೆ ನೋಡಿ, ಸೆರಗಿನ ಮರೆಯಲ್ಲಿ ಹಿಡಿದಿದ್ದ ಬೆಣ್ಣೆಯ ಉಂಡೆಯನ್ನು ಬೆರಳಿನಿಂದ ತಳ್ಳಿ ಎಲೆಯ ಅಂಚಿಗೆ ಇಟ್ಟಳು. ಬೆಣ್ಣೆ ನಂಜು, ಅವಳಿಗೆ ಮನಸ್ಸು ತಡೆದಿರಲಿಲ್ಲ. ಅದಕ್ಕಾಗಿ ಅವಳ ಕೈ ನನ್ನ ಕಣ್ಣಿನ ಹತ್ತಿರಕ್ಕೆ ಬಂದಿತ್ತು. ಬೆರಳ ಸಂದಿಯಲ್ಲಿ ಸೂಜಿಯಲ್ಲಿ ಗೀರಿದ ಹಾಗೆ ಸಣ್ಣ ಗೆರೆ. ಒಂದಲ್ಲ, ನಾಲ್ಕಾರು.

"ಅಜ್ಜಿ, ನಿಂಗೂ ದಾರಿ ಬಿದ್ದೈತೆ."

"ಯಾವ ದಾರಿನೇ?"

"ಹುಳದ್ದು. ಬೆಳ್ಳು ಸಂದೀಲಿ. ಡಾಕ್ಟರಮ್ಮ ತೋರ್ಸಿದ್ರು."

ಅಜ್ಜಿ ಕೈಯನ್ನು ಸರಕ್ಕನೆ ಸೆರಗಿನೊಳಗೆ ಎಳೆದುಕೊಂಡಳು. ನಿಂತಿದ್ದವಳು ಹೊಸಿಲ ಮೇಲೆ ಕೂತಳು. ಆನೇಮಹಲಿನಿಂದ ಬಂದ ಮೇಲೆ ಅವಳು ಮಣಿಕಟ್ಟನ್ನು ಬಾಗಿಲ ಚೌಕಟ್ಟಿಗೆ ಉಜ್ಜುತ್ತಿದ್ದದ್ದು ನನಗೆ ಆಗ ನೆನಪಾಯಿತು. ಅವಳಿಗೆ ಗೊತ್ತಿತ್ತು. ಹಂಗೇ ಮಾಡಿ ಅಂದ ದಿನವೂ ಗೊತ್ತಿತ್ತು.

"ಯಾರಿಗಾರ ಹೇಳಿದ್ಯಾ?"

"ಇಲ್ಲ."

"ಹೇಳ್ಬ್ಯಾಡ ಕಣವ್ವ. ನೀನು ಎಳೇದು, ವಾಸಿಯಾದ್ರೆ ಒಳಿಕ್ಕೆ ಕರ್ಕತಾರೆ. ನನ್ನ ಕೈಯಿಂದ ಸೌಟು ಒಂದ್ಸಲ ಹೋಯ್ತು ಅಂದ್ರೆ ಹೋಯ್ತು. ಆಮ್ಯಾಕೆ ಸಾಯೋಗಂಟ ಇನ್ನೊಬ್ರು ಇಕ್ಕಿದ್ದು ಉಣ್ಬೇಕು."

ನನಗೆ ಮೊದಲು ಬಂದ ಯೋಚನೆ ಏನು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನಾನು ಈಗ ಬಾಯಿಬಿಟ್ಟರೆ ಅಜ್ಜಿಯನ್ನೂ ಸ್ಟೋರಿಗೆ ಕಳಿಸುತ್ತಾರೆ. ಎರಡು ಚಾಪೆ, ಎರಡು ಎಲೆ. ಯಾರು ಎಷ್ಟು ಉಂಡರು ಎಂದು ಗೋಡೆಗೆ ಕಿವಿಕೊಟ್ಟು ಇಬ್ಬರೂ ಲೆಕ್ಕ ಹಾಕಬಹುದು. ಆಸೆಯಿಂದ ಬಾಯಲ್ಲಿ ನೀರೂರಿದಂತಾಯಿತು. ಆದರೆ ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಡೀ ಮನೆಗೆ ಅಪ್ಪಣೆ ಕೊಡುವವಳು ನನ್ನನ್ನು ಬೇಡುತ್ತಿದ್ದಳು. ಎಷ್ಟೋ ದಿನದಿಂದ ನನ್ನಿಂದ ಯಾರೂ ಏನನ್ನೂ ಬಯಸಿರಲಿಲ್ಲ.

"ಹಂಗಾದ್ರೆ ಔಷ್ದಿ ಹಚ್ಕಬೇಕು" ಎಂದೆ. "ವಾಸಿಯಾದ್ಮೇಲೆ ನನ್ನ ಪಕ್ಕದಲ್ಲಿ ಮಲಗಿಸ್ಕತೀಯಾ?"

"ಮಲಗಿಸ್ಕಳ್ದೆ ಇನ್ನೇನು. ನಿನ್ನ ಬಿಟ್ರೆ ನಂಗ್ಯಾರೇ ಅವ್ರೆ."

ಬಾಟಲಿ ಹೇಗೂ ನನ್ನ ಹತ್ತಿರವೇ ಇರುತ್ತಿತ್ತು, ಬೇರೆ ಯಾರಿಗೂ ಅದನ್ನು ಮುಟ್ಟುವ ಮನಸ್ಸಿರಲಿಲ್ಲ. ಇನ್ನು ನಾನೇ ಹಚ್ಚಿಕೊಳ್ಳುತ್ತೇನೆ ಎಂದು ಅವ್ವನಿಗೆ ಹೇಳಿದೆ. ಅವಳು ಬೇಡ ಅನ್ನಲಿಲ್ಲ. ಮಾರನೆಯ ದಿನ ಎಲ್ಲರೂ ತೋಟಕ್ಕೆ ಹೋದ ಮೇಲೆ, ಅವ್ವ ಕೂಸನ್ನು ತೂಗುತ್ತಿದ್ದ ಹೊತ್ತಿನಲ್ಲಿ, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ನಾನು ಅಜ್ಜಿಗೆ ಔಷಧಿ ಹಚ್ಚಿದೆ. ಡಾಕ್ಟರಮ್ಮ ಹೇಳಿದ ಹಾಗೆ, ಕತ್ತಿನಿಂದ ಪಾದದವರೆಗೆ. ಸೊಂಟದ ಸುತ್ತ, ಕಂಕುಳಲ್ಲಿ, ಎದೆಯ ಕೆಳಗೆ ಅವಳು ನನಗಿಂತ ಹೆಚ್ಚು ಅನುಭವಿಸಿದ್ದಳು, ಯಾರಿಗೂ ಕಾಣದ ಹಾಗೆ ಬಟ್ಟೆಯೊಳಗೆ ಎಲ್ಲವನ್ನೂ ಕೆರೆದು ನುಂಗಿದ್ದಳು. ಕೋಲು ಬೇಡವಾಗಿತ್ತು ನನಗೆ, ಬರಿಗೈಯಲ್ಲೇ ಹಚ್ಚಿದೆ. ಅವಳ ಬೆನ್ನಿನ ಚರ್ಮ ತೆಳ್ಳಗೆ, ಬೆಚ್ಚಗೆ ಇತ್ತು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಉಜ್ಜಿದೆ.

"ಉರೀತದೆ ಕಣೇ, ಚಂಡಾಲಿ" ಎಂದಳು ಅಜ್ಜಿ.

"ತಡ್ಕೋ. ನಾನು ತಡ್ಕಂಡಿಲ್ವಾ."

ಅವಳು ನಕ್ಕಳು. ಬೆನ್ನು ಅಲುಗಿದ್ದು ನನ್ನ ಅಂಗೈಗೆ ಗೊತ್ತಾಯಿತು. ವಾಸನೆ ಮರೆಸಲು ತಲೆಗೆ ಹರಳೆಣ್ಣೆ ಸುರಿದುಕೊಂಡಳು. ಕಂಬಳಿಗೆ ಮೈಲಿಗೆ ಇಲ್ಲ, ಅದಕ್ಕೆ ನೀರು ತೋರಿಸಬಾರದು ಎನ್ನುತ್ತಿದ್ದವಳು ತಿಗಣೆ ಆಗಿದೆ ಎಂಬ ನೆಪ ಹೇಳಿ ಅದನ್ನು ದಿನಗಟ್ಟಲೆ ಕಣದ ಬಿಸಿಲಿಗೆ ಹಾಕಿದಳು. ತಿಗಣೆಗೆ ನಮ್ಮ ಮನೆಯಲ್ಲಿ ಮರ್ಯಾದೆ ಇತ್ತು. ನನ್ನ ಮೈಗೆ ಔಷಧಿ ಹಚ್ಚುವುದನ್ನು ನಾನು ನಿಲ್ಲಿಸಿದೆ, ಉಳಿದದ್ದು ಅಜ್ಜಿಗೆ ಬೇಕಲ್ಲ ಎಂದು. ಹಾಗೆ ನಿಲ್ಲಿಸಿದ್ದರಿಂದಲೇ ನನ್ನ ಗಾಯಗಳು ಒಣಗತೊಡಗಿದವು. ಇದು ನನಗೆ ಅರ್ಥವಾದದ್ದು ಮೆಡಿಕಲ್ ಕಾಲೇಜಿಗೆ ಹೋದ ಮೇಲೆ. ಆಗ ಅನ್ನಿಸಿದ್ದು ಇಷ್ಟೇ, ಅಜ್ಜಿಯನ್ನು ಮುಟ್ಟಿದ್ದಕ್ಕೆ ವಾಸಿಯಾಗುತ್ತಿದೆ ಎಂದು.

ಗೆರೆಗಳು ಮಾಯವಾದವು, ಕಡಿತ ನಿಂತಿತು. ದೊಡ್ಡವ್ವ ನನ್ನನ್ನು ಜಗುಲಿಯಲ್ಲಿ ಕೂರಿಸಿ ಎರಡೂ ಕೈಗಳನ್ನು ಬಿಸಿಲಿಗೆ ಹಿಡಿದು ನೋಡಿದಳು, ಸೊಂಟ ನೋಡಿದಳು, ಪರವಾಗಿಲ್ಲ ಎಂದಳು. ಅವತ್ತು ಸಂಜೆ ನನ್ನನ್ನು ಊಟದ ಮನೆಯೊಳಗೆ ಕರೆದರು. ನನ್ನ ಹಳೆಯ ತಟ್ಟೆ, ಸಾಲಿನಲ್ಲಿ ನನ್ನ ಹಳೆಯ ಜಾಗ. ಎಷ್ಟೋ ದಿನಗಳ ಮೇಲೆ ಅವ್ವ ನನ್ನ ತಲೆ ಮುಟ್ಟಿದಳು. ಅಪ್ಪ ಸುಮ್ಮನೆ ನಗುತ್ತಿದ್ದ. ನನ್ನ ಕಣ್ಣು ಮಾತ್ರ ಅಜ್ಜಿಯ ಮೇಲೆ. ನನ್ನ ಚಾಪೆಯನ್ನು ಆಗಲೇ ಸುತ್ತಿ ಬಾಗಿಲ ಹತ್ತಿರ ತಂದಿಟ್ಟುಕೊಂಡಿದ್ದೆ.

ದೊಡ್ಡವ್ವ ಅದನ್ನು ಕಂಡಳು. ದೊಡ್ಡವ್ವ ಕೆಟ್ಟವಳಲ್ಲ, ಆ ಮಾತನ್ನು ಅವಳು ಒಳ್ಳೆಯ ಮನಸ್ಸಿನಿಂದಲೇ ಆಡಿದಳು ಎಂದು ನಂಬಿದ್ದೇನೆ.

"ಅತ್ತೆ, ಮಗು ಇನ್ನು ನಿಮ್ಮ ಪಕ್ಕದಲ್ಲೇ ಮಲಗ್ಲಿ, ಮೊದ್ಲಿನಂಗೆ. ಪಾಪ, ಒಬ್ಳೇ ಇತ್ತು."

ಅಜ್ಜಿ ಸಾರಿನ ಪಾತ್ರೆಯೊಳಗೆ ಸೌಟು ಆಡಿಸುತ್ತಿದ್ದಳು. ಆಡಿಸುವುದು ನಿಲ್ಲಲಿಲ್ಲ.

"ಬ್ಯಾಡ. ನಾನು ಒಲೆ ಮುಂದೆ ಇರೋಳು, ಎಲ್ರಿಗೂ ಇಕ್ಕೋ ಕೈ. ಮತ್ತೆ ಬಂದ್ರೆ ಏನ್ ಗತಿ. ಹುಡುಗಿ ಪಡಸಾಲೇಲಿ ಬ್ಯಾರೆ ಮಲಗ್ಲಿ."

"ಅದೂ ಸರಿ" ಎಂದಳು ದೊಡ್ಡವ್ವ. ದೊಡ್ಡಪ್ಪ ಹೂಂಗುಟ್ಟಿದ.

ನಾನು ಒಂದು ಮಾತಾಡಿದ್ದರೆ ಸಾಕಿತ್ತು. ಅಜ್ಜಿಗೆ ಅದು ಗೊತ್ತಿತ್ತು, ನಾನು ಆಡುವುದಿಲ್ಲ ಎಂಬುದೂ ಗೊತ್ತಿತ್ತು. ಅವಳ ಭಯ ನನಗೆ ಈಗ ಅರ್ಥವಾಗುತ್ತದೆ, ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಸಾಲಿನಲ್ಲಿ ಒಬ್ಬೊಬ್ಬರಿಗೇ ಬಡಿಸುತ್ತ ಬಂದು ನನ್ನ ಮುಂದೆ ಬಗ್ಗಿದಳು. ನನ್ನ ಮುಖ ನೋಡಲಿಲ್ಲ. ಎಲ್ಲರಿಗಿಂತ ಒಂದು ಸೌಟು ಹೆಚ್ಚೇ ಹಾಕಿದಳು. ನಾನು ಅವಳ ಬೆರಳ ಸಂದಿಯನ್ನು ನೋಡಿದೆ. ಒಂದು ಗೆರೆಯೂ ಇರಲಿಲ್ಲ, ಚರ್ಮ ಪೂರಾ ಶುದ್ಧವಾಗಿ ವಾಸಿಯಾಗಿತ್ತು.